ಬಿಲ್ಲೆಯ ಮೇಲಿನ ವಿಭೂತಿ

ನಮ್ಮ ಹೆಗ್ಗನಹಳ್ಳಿಯ ಬೀದಿಯಲ್ಲಿ ಶಿವಗಂಗಮ್ಮನಷ್ಟು ಹೆದರುವ ಹೆಂಗಸು ಇನ್ನೊಬ್ಬಳಿಲ್ಲ. ಪಕ್ಕದ ಮನೆಯವಳಾದ ನಾನು ಮೊದಮೊದಲು ಆಡಿಕೊಂಡು ನಕ್ಕವಳೇ. ಗಂಡ ಕೆಮ್ಮಿದರೆ ಸಾಕು, ಒಲೆ ಆರಿಸಿ ಬಂದು ಎದುರು ನಿಲ್ಲುತ್ತಿದ್ದಳು. ಅವನು ಮಲಗಿದರೆ ಎದೆ ಏರಿಳಿಯುವುದನ್ನೇ ನೋಡುತ್ತ ಕೂರುತ್ತಿದ್ದಳು. ಕಾರಣ ಗೊತ್ತಾದ ಮೇಲೆ ನನ್ನ ನಗು ನಿಂತಿತು.

ಗಂಡ ಗಂಗಾಧರಯ್ಯ ಸುಂಕದಕಟ್ಟೆಯ ಅಂಗಡಿಯೊಂದರಲ್ಲಿ ಗ್ರಾನೈಟ್ ಕೊಯ್ಯುವವನು. ಅಡುಗೆಮನೆ ಕಟ್ಟೆಗೆ ಹಾಕಿಸುತ್ತೇವಲ್ಲ, ಆ ಕಪ್ಪು ಚಪ್ಪಡಿ. ವರ್ಷಗಟ್ಟಲೆ ಮೂಗಿಗೊಂದು ಟವೆಲ್ ಸುತ್ತಿಕೊಂಡೇ ಕೊಯ್ದ. ಎಕ್ಸ್‌ರೇ ನೋಡಿದ ಡಾಕ್ಟರು, ಒಳಗೆ ಕೂತ ಕಲ್ಲಿನ ಧೂಳನ್ನು ಯಾರೂ ತೆಗೆಯಲಾರರು, ಇನ್ನಷ್ಟು ಹೋದರೆ ಜೀವಕ್ಕೇ ಅಪಾಯ ಎಂದುಬಿಟ್ಟರು. ಈ ಕೆಲಸ ಬಿಡಿ ಎಂದು ಅವಳು ಅತ್ತಳು, ಕಾಲು ಹಿಡಿದಳು. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು. ಕಲ್ಲು ಬಿಟ್ಟರೆ ತನಗೆ ಬೇರೇನೂ ಬಾರದು ಎಂದು ಅವನ ಹಟ.

ಆಗ ಅವಳು ಕಾಮಾಕ್ಷಿಪಾಳ್ಯದಲ್ಲಿ ಮಾಸ್ಕಿನ ಫಿಲ್ಟರ್ ಮಾಡುವ ಕಾರ್ಖಾನೆಗೆ ಸೇರಿದಳು. ಅಲ್ಲಿ ಕರೆಂಟಿನ ಬಲದಿಂದ ಸೂಜಿತುದಿಯ ದ್ರವವನ್ನು ಎಳೆದೆಳೆದು, ಕಣ್ಣಿಗೆ ಕಾಣದಷ್ಟು ಸಣ್ಣ ನ್ಯಾನೋ ಎಳೆಗಳ ಪೊರೆ ಮಾಡುತ್ತಾರೆ. ಗಾಳಿ ಅದನ್ನು ದಾಟುತ್ತದೆ, ಧೂಳು ದಾಟದು. ಆದರೆ ಬೆರಳು ಒತ್ತಿದರೆ ಹರಿದುಹೋಗುತ್ತದೆ. ದೀಪದ ಮೇಲೆ ಪೊರೆ ಹಿಡಿದು ತೂತು ಹುಡುಕುವುದು ಇವಳ ಕೆಲಸ. ಹೆದರುವವಳಿಗೆ ಹೇಳಿಮಾಡಿಸಿದ ಕೆಲಸ ಎಂದು ನಾನು ಛೇಡಿಸಿದ್ದುಂಟು.

ಅಲ್ಲಿಂದ ಗಂಡನಿಗೊಂದು ಮಾಸ್ಕ್ ತಂದಳು. ರಬ್ಬರಿನ ಮೂತಿ, ಮುಂದೊಂದು ಮುಚ್ಚಳ, ಅದರೊಳಗೆ ನೀಲಿ ಬಟ್ಟೆಗೆ ಅಂಟಿಸಿದ ಪೊರೆಯ ಬಿಲ್ಲೆ. ತೊಳೆಯಕೂಡದು, ಒರೆಸಕೂಡದು ಎಂದು ಆಣೆ ಹಾಕಿಸಿಕೊಂಡಳು. ಅವನು ಮಾತು ತಪ್ಪಲಿಲ್ಲ. ಮಾಸ್ಕ್ ಇಲ್ಲದೆ ಕಟ್ಟರ್ ಮುಟ್ಟುತ್ತಿರಲಿಲ್ಲ. ಅವಳಿಗೂ ಒಂದಿಷ್ಟು ನಿದ್ದೆ ಹತ್ತತೊಡಗಿತು.

ಅಷ್ಟರಲ್ಲಿ ಆಯುಧಪೂಜೆ ಬಂತು. ಅವಳ ಕಾರ್ಖಾನೆಯಲ್ಲಿ ಪೊರೆಯ ಕೋಣೆಯೊಳಗೆ ಕುಂಕುಮ ಬಿಡುವುದಿಲ್ಲ, ಹೊಸ್ತಿಲಿಗೇ ಪೂಜೆ ಮುಗಿಸುತ್ತಾರೆ. ಇದನ್ನು ಮನೆಯಲ್ಲಿ ಹೇಳಬೇಕೆಂದು ಅವಳಿಗೆ ಹೊಳೆಯಲಿಲ್ಲ.

ಹಬ್ಬ ಕಳೆದು ಕೆಲಸ ಶುರುವಾದ ದಿನ, ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದಾಗ ಮಗಳು ಅನಘಾ ಕಳಿಸಿದ ಫೋಟೋ ಮೊಬೈಲಿಗೆ ಬಂತು. ಅಪ್ಪನ ಅಂಗಡಿಯ ಪೂಜೆ. ಕಟ್ಟರ್, ಗ್ರೈಂಡರ್, ಚೆಂಡುಹೂವಿನ ಹಾರ, ನಡುವೆ ಮುಚ್ಚಳ ತೆಗೆದ ಮಾಸ್ಕ್. ನೀಲಿ ಬಿಲ್ಲೆಯ ಉದ್ದಕ್ಕೂ ಒದ್ದೆ ವಿಭೂತಿಯ ಮೂರು ಪಟ್ಟೆ, ಮಧ್ಯೆ ಕುಂಕುಮದ ಬೊಟ್ಟು. ತನ್ನ ಉಸಿರು ಕಾಯುವ ಆಯುಧಕ್ಕೆ ಅವನು ಎಲ್ಲಕ್ಕಿಂತ ಭಕ್ತಿಯಿಂದ, ಮೂರು ಬೆರಳನ್ನೂ ಒತ್ತಿ ಎಳೆದಿದ್ದ.

ಅಷ್ಟು ಒತ್ತಿದರೆ ಪೊರೆ ಹರಿಯದೆ ಉಳಿಯದು. ಬೆಳಗಿನಿಂದ ಅವನು ಅದನ್ನೇ ಹಾಕಿಕೊಂಡು ಕೊಯ್ಯುತ್ತಿದ್ದಾನೆ. ಫೋನ್ ಮಾಡಿದರೆ ಎತ್ತಲಿಲ್ಲ, ಕಟ್ಟರ್ ಸದ್ದಿನಲ್ಲಿ ಕೇಳುವುದಾದರೂ ಹೇಗೆ? ಡಬ್ಬಿ ಅಲ್ಲೇ ಬಿಟ್ಟು ಓಡಿ ಆಟೋ ಹತ್ತಿದಳು. ಸುಮನಹಳ್ಳಿ ಸಿಗ್ನಲ್ಲಿನಲ್ಲಿ ಆಟೋ ನಿಂತಾಗ ಜೀವ ಬಾಯಿಗೆ ಬಂದಿತ್ತಂತೆ. ಫಿಲ್ಟರುಗಳ ರಾಶಿಯ ನಡುವಿನಿಂದ ಎದ್ದುಬಂದವಳಿಗೆ ಒಂದು ಮಾಸ್ಕ್ ಎತ್ತಿಕೊಳ್ಳುವ ಬುದ್ಧಿಯೂ ಇರಲಿಲ್ಲ.

ಅಂಗಡಿಯೊಳಗೆ ಧೂಳಿನಲ್ಲಿ ಆಳು ಕಾಣುತ್ತಿರಲಿಲ್ಲ. ಸೆರಗಿನಿಂದ ಮೂಗು ಮುಚ್ಚಿ ನುಗ್ಗಿದಳು. ಕೂಗಲು ಬಾಯಿ ತೆರೆದದ್ದೇ ತಡ, ಧೂಳು ಹೊಕ್ಕು ಕೆಮ್ಮು ಒತ್ತರಿಸಿ ಬಂತು. ಅವನು ತಿರುಗಿ ನೋಡಿ ಗಾಬರಿಯಿಂದ ಕಟ್ಟರ್ ಆರಿಸಿದ. ಅವಳು ಮಾಸ್ಕಿನ ಕಡೆ ಕೈ ತೋರಿಸಿದಳು. ತನಗೂ ಒಂದು ಬೇಕೆನ್ನುತ್ತಿದ್ದಾಳೆ ಅಂದುಕೊಂಡನೋ ಏನೋ, ತನ್ನದನ್ನೇ ಬಿಚ್ಚಿ ಅವಳ ಮುಖಕ್ಕೆ ಒತ್ತಿ ಹಿಡಿದ.

"ಈ ಧೂಳಲ್ಲಿ ಯಾಕೆ ಬಂದೆ ಕಣೇ? ಈಗ ಉಸಿರಾಡು. ಇದೊಂದಿದ್ರೆ ಏನೂ ಆಗಲ್ಲ."

ಅವಳು ಉಸಿರೆಳೆದಳು. ಬಿಲ್ಲೆ ದಾಟಿ ಬಂದ ಕಲ್ಲುಪುಡಿ ಹಲ್ಲಿನ ನಡುವೆ ಕರಕರ ಅಂದಿತು.