ಅರಿಶಿನ ಕುಂಕುಮದ ಸೈನು

ಮೊಮ್ಮಗಳು, ನನ್ನ ಮಗಳ ಮಗಳು, ಕಾನೂನು ಓದುತ್ತಿದ್ದಳು. ಜೋಗುಪಾಳ್ಯದ ಅವರ ಬಾಡಿಗೆ ಮನೆಯಲ್ಲಿ ಕೂತು ಓದಲು ಜಾಗವಿಲ್ಲವೆಂದು ಪರೀಕ್ಷೆಗೆ ಮುಂಚೆ ಬಾಣಸವಾಡಿಯ ನಮ್ಮ ಮನೆಗೆ ಬಂದಳು. ನಾನು ಅವರೆಕಾಯಿ ಸುಲಿಯುತ್ತಿದ್ದರೆ ಎದುರಿಗೆ ಕೂತು ಗಟ್ಟಿಯಾಗಿ ಓದುವಳು. ನಾನು ಓದಿದ್ದು ಮೂರನೇ ಕ್ಲಾಸು. ಕಿವಿ ಮಾತ್ರ ಚೆನ್ನಾಗಿದೆ.

ಬೇರೆ ಬೇರೆ ದೇಶದ ಸಂವಿಧಾನಗಳಲ್ಲಿ ಸಮಾನತೆಯ ಬಗ್ಗೆ ಏನಿದೆ ಎಂದು ಹೋಲಿಸಿ ಬರೆಯಬೇಕಿತ್ತಂತೆ. ಅಮೆರಿಕದವರು ಎಲ್ಲರಿಗೂ ಕಾನೂನಿನ ಸಮಾನ ರಕ್ಷಣೆ ಎಂದಿದ್ದಾರೆ, ಆ ಸಾಲಿನಲ್ಲಿ ಹೆಣ್ಣು ಎಂಬ ಮಾತಿಲ್ಲ. ನಮ್ಮದರಲ್ಲಿ ಇದೆ: ಜಾತಿ, ಧರ್ಮ, ಗಂಡು ಹೆಣ್ಣು ಎಂದು ಸರ್ಕಾರ ಭೇದ ಮಾಡಬಾರದು. ದಕ್ಷಿಣ ಆಫ್ರಿಕಾದವರು ಬಸುರಿ, ಮದುವೆಯಾದವಳು, ಆಗದವಳು ಎಂದೆಲ್ಲ ಸೇರಿಸಿದ್ದಾರೆ.

“ಅಲ್ಲಿ ಸರ್ಕಾರ ಒಂದೇ ಅಲ್ಲಜ್ಜಿ, ಜನಗಳೂ ಭೇದ ಮಾಡಂಗಿಲ್ಲ.”

“ಮನೆಯೋರೂನಾ?”

“ಯಾರೂ ಅಂತ ಬರೆದಿದೆ.”

“ಆ ದೇಶದಲ್ಲಿ ಅಣ್ಣತಮ್ಮಂದಿರು ಇಲ್ವೇನೆ?”

ಅವಳು ನಗಲಿಲ್ಲ. “ಶುಕ್ರವಾರ ಅಮ್ಮನ್ನ ಯಾಕೆ ಕರೆದಿರೋದು?”

ಗೊತ್ತಿದ್ದೇ ಕೇಳಿದಳು. ಉಳಿದಿದ್ದ ಒಂದು ತುಂಡು ರಾಗಿ ಹೊಲವನ್ನು ಮಗ ಮಾರುವವನಿದ್ದ. ಕೊಳ್ಳುವವರ ವಕೀಲರು ಹೆಣ್ಣುಮಗಳ ಸಹಿಯೂ ಬೇಕು ಎಂದಿದ್ದರು. ನಮ್ಮಲ್ಲಿ ಅದಕ್ಕೊಂದು ಪದ್ಧತಿಯಿದೆ. ಮಗಳನ್ನು ಅರಿಶಿನ ಕುಂಕುಮಕ್ಕೆ ಕರೆಯುತ್ತಾರೆ, ಊಟ ಹಾಕಿ ಸೀರೆ ಕೊಡುತ್ತಾರೆ, ಆಮೇಲೆ ತನಗೆ ಪಾಲು ಬೇಡ ಎಂಬ ಕಾಗದವನ್ನು ಅವಳ ಮುಂದಿಡುತ್ತಾರೆ. ಕೆ.ಆರ್. ಪುರದಲ್ಲಿ ನನ್ನ ಅಣ್ಣಂದಿರು ನನಗೂ ಕೊಟ್ಟಿದ್ದರು. ಹಸಿರು ಸೀರೆ. ಎರಡು ಒಗೆತಕ್ಕೆ ಬಣ್ಣ ಬಿಟ್ಟಿತು. ಆದರೂ ಹಬ್ಬಕ್ಕೆ ಕರೆಯುತ್ತಿದ್ದರು, ಹೋಗುತ್ತಿದ್ದೆ.

“ನೀನು ಬೇಡ ಅಂದ್ರೆ ಅಮ್ಮ ಸೈನ್ ಹಾಕಲ್ಲ,” ಎಂದಳು ಮೊಮ್ಮಗಳು.

“ನೋಡಾಣ,” ಎಂದೆ.

ಶುಕ್ರವಾರ ಮಗಳು ಬಂದವಳೇ ಎಂದಿನಂತೆ ಅಡುಗೆಮನೆಗೆ ನುಗ್ಗಿ ಸಾರು ನೆಕ್ಕಿ ನೋಡಿದಳು. “ಏನಮ್ಮ, ಉಪ್ಪಿನ ಮೂಟೇನೇ ಸುರಿದಿದ್ದೀಯ?” ಎಂದು ಬೈದಳು. ಊಟವಾಯಿತು. ಮಗ ಕಾಗದ ತಂದ.

“ಅಕ್ಕ, ಇಲ್ಲೊಂದು ಸೈನು. ಆಮೇಲೆ ರಿಜಿಸ್ಟ್ರಾರ್ ಆಫೀಸ್‌ಗೆ ಹೋಗ್ಬಂದ್ರೆ ಮುಗೀತು.”

“ಮಾವ, ಒಂದ್ಸಲ ಓದ್ಲಾ?” ಎಂದು ಮೊಮ್ಮಗಳು ಕೈ ಚಾಚಿದಳು.

“ಲಾಯರಮ್ಮ, ಮೊದ್ಲು ಪಾಸಾಗು.”

ಮಗಳು ಪೆನ್ನು ಹಿಡಿದು ನನ್ನ ಮುಖ ನೋಡಿದಳು. ಕುಂಕುಮದ ಬಟ್ಟಲು ನನ್ನ ಕೈಯಲ್ಲೇ ಇತ್ತು. “ಹಾಕು,” ಎಂದೆ. “ನಾನು ಸತ್ತ ಮೇಲೂ ನಿಂಗೊಂದು ತವರು ಬೇಕಲ್ಲ.”

ಹಾಕಿದಳು.

ಸಂಜೆ ಮೊಮ್ಮಗಳು ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಂಡಳು. “ಮಾವನ್ನ ಕೋರ್ಟಿಗೆ ಎಳೀಬಹುದಜ್ಜಿ. ನಿನ್ನ ಎಳೆಯೋಕೆ ಯಾವ ದೇಶದಲ್ಲೂ ಕಾನೂನಿಲ್ಲ,” ಎಂದಳು. ಆಮೇಲೆ ಅವಳು ಬಂದಿಲ್ಲ.

ಮಗನನ್ನು ಬೈದು ಪ್ರಯೋಜನವಿಲ್ಲ. “ಹಾಕು” ಎಂದದ್ದು ನಾನು.

ಗೌರಿ ಹಬ್ಬಕ್ಕೆ ಮಗ ಅಕ್ಕನನ್ನು ಮರೆಯದೆ ಕರೆದ. ಬಂದಳು. ನೆಂಟರ ಹಾಗೆ ನಡುಮನೆಯಲ್ಲಿ ಕುರ್ಚಿಯ ಮೇಲೆ ಕೂತಳು, ಅಡುಗೆಮನೆಗೆ ಕಾಲಿಡಲಿಲ್ಲ. ಊಟಕ್ಕೆ ಕೂತಾಗ “ಉಪ್ಪು ಸರಿಯಾಗಿದ್ಯಾ?” ಎಂದು ಕೇಳಿದೆ.

“ಚೆನ್ನಾಗಿದೆ ಅಮ್ಮ,” ಎಂದಳು.

ಆಮೇಲೆ ನಾನು ಉಣ್ಣಲು ಕೂತೆ. ಸಾರಿಗೆ ಉಪ್ಪೇ ಹಾಕಿರಲಿಲ್ಲ.