ಬೆಟ್ಟಕ್ಕೆ ಒಯ್ಯುವ ಚಾಕು

ನನ್ನ ಬಲಗೈಯ ತೋರುಬೆರಳಿನ ಮೇಲೆ ಒಂದು ಹಳೆಯ ಗಾಯದ ಗುರುತಿದೆ. ಕಂಡವರು ಕೇಳಿದರೆ ‘ಬೆಟ್ಟದಲ್ಲಿ ಆದದ್ದು’ ಎಂದಷ್ಟೇ ಹೇಳಿ ಗಂಭೀರವಾಗಿಬಿಡುತ್ತೇನೆ. ಅವರು ಚಿರತೆಯನ್ನೋ ಕರಡಿಯನ್ನೋ ಊಹಿಸಿಕೊಂಡರೆ ನಾನು ಅಡ್ಡಬರುವುದಿಲ್ಲ. ನಿಮ್ಮ ಹತ್ತಿರ ಮುಚ್ಚಿಡುವುದೇಕೆ, ಅದು ಸೌತೆಕಾಯಿ ಹೆಚ್ಚುವಾಗ ಆದ ಗಾಯ. ನನ್ನ ಮಡಿಸುವ ಚಾಕು ನನ್ನನ್ನು ಕೇಳದೆಯೇ ಮಡಚಿಕೊಂಡಿತು. ನಡುವೆ ನನ್ನ ಬೆರಳು ಸಿಕ್ಕಿಬಿತ್ತು.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ನಾನಾಗ ಮುಳಬಾಗಿಲಿನಲ್ಲಿ ಒಂದು ಕಚೇರಿಯ ಗುಮಾಸ್ತ. ನಮ್ಮ ವಂಶದಲ್ಲಿ ಪುರೋಹಿತರಿದ್ದರು, ಪಂಚಾಂಗ ನೋಡುವವರಿದ್ದರು. ದರ್ಭೆಗಿಂತ ಹರಿತವಾದದ್ದನ್ನು ಹಿಡಿದವರು ಯಾರೂ ಇರಲಿಲ್ಲ. ಇಂಥ ನನಗೆ ಬೆಟ್ಟ ಹತ್ತುವ ಹುಚ್ಚು ಹಿಡಿಸಿದವನು ಮುನಿವೆಂಕಟಪ್ಪ. ಕೋಲಾರದ ಹೈಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ಓದು ಮುಗಿದ ಮೇಲೆ ಅವನು ತನ್ನೂರು ವಕ್ಕಲೇರಿಗೆ ಹೋಗಿ ಹಿಪ್ಪುನೇರಳೆ ತೋಟ ಮತ್ತು ಎರಡು ಹಸು ಇಟ್ಟುಕೊಂಡ. ಭಾನುವಾರ ಬೆಳಿಗ್ಗೆ ಅವನು ಅಲ್ಲಿಂದ, ನಾನು ಇಲ್ಲಿಂದ ಬಸ್ಸು ಹಿಡಿದು ಕೋಲಾರದಲ್ಲಿ ಇಳಿಯುತ್ತಿದ್ದೆವು. ಬೆಟ್ಟ ಹತ್ತಿ, ಬಂಡೆಯ ಮೇಲೆ ಕೂತು ಏನಾದರೂ ಕೊಯ್ದು ತಿಂದು, ಊರಿನವರನ್ನೆಲ್ಲ ಆಡಿಕೊಂಡು ಇಳಿಯುತ್ತಿದ್ದೆವು. ಉಳಿದ ಆರು ದಿನಗಳನ್ನು ನಾನು ಕಳೆಯುತ್ತಿದ್ದದ್ದೇ ಆ ಒಂದು ದಿನದ ಆಸೆಯಲ್ಲಿ.

ಬೆರಳು ಕೊಯ್ದ ದಿನ ಮುನಿವೆಂಕಟಪ್ಪ ತನ್ನ ಟವೆಲ್ಲಿನ ಅಂಚು ಹರಿದು ಕಟ್ಟುಕಟ್ಟಿದ. ಅನಂತರ ನನ್ನ ಚಾಕುವನ್ನು ತಿರುಗಿಸಿ ನೋಡಿ, “ಲೇ ಸೀನ, ಸೊಂಟ ಬಗ್ಗೋ ಚಾಕು ಬೆಟ್ಟಕ್ಕಲ್ಲ ಕಣೋ. ಅಲಗು ಹಿಡಿಗೆ ಕಚ್ಕೊಂಡಿರ್ಬೇಕು. ವೇಮಗಲ್‌ನಲ್ಲಿ ನಮ್ಮ ಆಚಾರಿ ಅವ್ನೆ, ಹೋಗಣ ಬಾ” ಎಂದ.

ಅಲ್ಲಿಂದ ಶುರುವಾಯಿತು ನನ್ನ ಸಂಶೋಧನೆ. ಹಳೆಯ ಪೇಪರಿನ ಅಂಗಡಿಯಲ್ಲಿ ಸಿಕ್ಕಿದ ಒಂದು ವಿದೇಶಿ ಪತ್ರಿಕೆಯಲ್ಲಿ ಜೀವ ಉಳಿಸುವ ಚಾಕು ಎಂಬುದರ ಚಿತ್ರವಿತ್ತು. ಅದರ ಬೆನ್ನಿಗೆ ಗರಗಸದ ಹಲ್ಲುಗಳಿದ್ದವು. ಹಿಡಿ ಪೊಳ್ಳಾಗಿದ್ದು, ಅದರೊಳಗೆ ಬೆಂಕಿಕಡ್ಡಿ, ಮೀನಿನ ಗಾಳ, ನೂಲು ತುಂಬಬಹುದಿತ್ತು. ಹಿಡಿಯ ತುದಿಯಲ್ಲಿ ದಿಕ್ಸೂಚಿ. ಕಾಡಿನಲ್ಲಿ ಒಂಟಿಯಾಗಿ ಸಿಕ್ಕಿಬಿದ್ದವನು ಇದೊಂದಿದ್ದರೆ ಯಾರ ಹಂಗೂ ಇಲ್ಲದೆ ಬದುಕಬಹುದು ಎಂಬ ಭರವಸೆ ಬೇರೆ. ನಮ್ಮ ಬೆಟ್ಟದಲ್ಲಿ ಒಂಟಿಯಾಗಿ ಸಿಕ್ಕಿಬೀಳುವುದು ಸುಲಭವಲ್ಲ. ಒಮ್ಮೆ ಕೆಮ್ಮಿದರೆ ಆಡು ಮೇಯಿಸುವವರು ನಾಲ್ಕು ಕಡೆಯಿಂದ ಯಾರದು ಎನ್ನುತ್ತಾರೆ. ಮೀನು ಹಿಡಿಯೋಣವೆಂದರೆ ನಮ್ಮ ಕಡೆಯ ಕೆರೆಗಳಲ್ಲಿ ವರ್ಷದ ಬಹುಭಾಗ ಕ್ರಿಕೆಟ್ ನಡೆಯುತ್ತದೆ. ಆದರೂ ನಾನು ಚಿತ್ರವನ್ನು ಕಚೇರಿಯ ಕಾಗದದ ಮೇಲೆ ಸ್ಕೇಲಿಟ್ಟು ನಕಲು ಮಾಡಿದೆ.

ವೇಮಗಲ್‌ನ ಆಚಾರಿ ತನ್ನ ಕುಲುಮೆಯ ಮುಂದೆ ಕೂತು ಆ ಕಾಗದವನ್ನು ಜಾತಕ ನೋಡುವಂತೆ ನೋಡಿದ. ತೆಲುಗು ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವ ಮುದುಕ ಅವನು.

“ದೇನಿಕಿ ಸ್ವಾಮಿ ಇದಿ? ಏನ್ ಕೊಯ್ಯೋಕೆ?”

ಜೀವ ಉಳಿಸಿಕೊಳ್ಳಲು ಎಂದು ಹೇಳಲು ನಾಚಿಕೆಯಾಯಿತು. “ಎಲ್ಲಾದಕ್ಕೂ” ಎಂದೆ.

“ಬೆನ್ನಿಗೆ ಹಲ್ಲು ಯಾಕೆ?”

“ಕೊಂಬೆ ಕುಯ್ಯೋಕೆ.”

“ಅದಕ್ಕೆ ಗರಗಸ ಐತೆ. ಹಿಡಿ ಯಾಕೆ ಪೊಳ್ಳು?”

“ಬೆಂಕಿಕಡ್ಡಿ ಇಡೋಕೆ.”

ಆಚಾರಿ ನನ್ನ ಅಂಗಿಯನ್ನೊಮ್ಮೆ ನೋಡಿ, “ಜೇಬೈತಲ್ಲ ಸ್ವಾಮಿ” ಎಂದ. ಮುನಿವೆಂಕಟಪ್ಪ ತಿದಿಯ ಹಿಂದೆ ಹೋಗಿ ನಗತೊಡಗಿದ.

ಅರ್ಧ ಗಂಟೆಯಲ್ಲಿ ನನ್ನ ಚಿತ್ರದಲ್ಲಿದ್ದದ್ದೆಲ್ಲ ಒಂದೊಂದಾಗಿ ಉದುರಿ ಬರೀ ಚಾಕು ಉಳಿಯಿತು. ಲಾರಿಯ ಮುರಿದ ಕಮಾನು ಪಟ್ಟಿಯಿಂದ ಮಾಡುವುದು. ಅದು ಕಲ್ಲು ಮಣ್ಣು ಹೊತ್ತು ಪಳಗಿದ ಉಕ್ಕು. ಅಲಗು ನನ್ನ ಅಂಗೈ ಅಗಲಕ್ಕಿಂತ ತುಸು ಉದ್ದವಿದ್ದರೆ ಸಾಕು, ಅದಕ್ಕಿಂತ ಹೆಚ್ಚಾದರೆ ಅದು ಮಚ್ಚು, ಪೊಲೀಸರು ಮಾತಾಡಿಸುತ್ತಾರೆ. ಅಲಗಿನ ಬಾಲ ಹಿಡಿಯೊಳಗೆ ಕೊನೆಯತನಕ ಹೋಗಿರಬೇಕು, ಅರ್ಧಕ್ಕೆ ನಿಂತರೆ ಬೇಕಾದ ಹೊತ್ತಿನಲ್ಲೇ ಕಿತ್ತು ಬರುತ್ತದೆ. ಹಿಡಿಗೆ ಹುಣಸೆಮರ. ಕೊನೆಗೆ ಅವನು ಹಸಿ ಜೇಡಿಮಣ್ಣಿನ ಒಂದು ಉಂಡೆಯನ್ನು ನನ್ನ ಕೈಗಿಟ್ಟು ಬಿಗಿಯಾಗಿ ಹಿಡಿಯಲು ಹೇಳಿದ. ಬೆರಳುಗಳ ಅಚ್ಚು ಬಿದ್ದ ಆ ಮಣ್ಣನ್ನು ಗೂಡಿನಲ್ಲಿಟ್ಟು, “ಹೋಗಿಬನ್ನಿ, ನಿಮ್ ಕೈ ಇಲ್ಲೇ ಇರ್ತದೆ” ಎಂದ.

ಚಾಕು ಸಿದ್ಧವಾದಾಗ ನನಗೆ ರಜೆ ಸಿಗಲಿಲ್ಲ. ಮುನಿವೆಂಕಟಪ್ಪನೇ ಎರಡು ಬಸ್ಸು ಬದಲಾಯಿಸಿ ವೇಮಗಲ್‌ಗೆ ಹೋಗಿ ಅದನ್ನು ತಂದ. ಭಾನುವಾರ ಕೋಲಾರದ ಬಸ್ ನಿಲ್ದಾಣದಲ್ಲಿ ಗೋಣಿಯ ಸುರುಳಿ ಬಿಚ್ಚಿದ. ಹೊಳೆಯುವ ಅಲಗು ಕಂಡದ್ದೇ ನಾನು ಕೈ ಚಾಚಿದೆ.

“ತಡಿಯೋ, ಕೆಳಗಿಡ್ತೀನಿ. ಆಚಾರಿನೂ ನಂಗೆ ಕಲ್ಲಿನ್ ಮೇಲೇ ಇಟ್ಟುಕೊಟ್ಟ” ಎಂದ.

ನಮ್ಮ ಕಡೆ ಚಾಕು, ಉಪ್ಪು, ಖಾರದಪುಡಿ ಇವನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟರೆ ಜಗಳವಾಗುತ್ತದೆಂದು ನಂಬಿಕೆ. ಕೊಡುವವರು ಕೆಳಗಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಪುರೋಹಿತರ ಮೊಮ್ಮಗನಾದ ನಾನು ಆಗ ವಿಚಾರವಾದಿ. ಬಸ್ ನಿಲ್ದಾಣದ ನಡುವೆಯೇ ಮೂಢನಂಬಿಕೆಯ ಬಗ್ಗೆ ಒಂದು ಪುಟ್ಟ ಭಾಷಣ ಬಿಗಿದು ಅವನ ಕೈಯಿಂದಲೇ ಚಾಕು ಕಿತ್ತುಕೊಂಡೆ. ಬೆರಳುಗಳು ಹಿಡಿಯ ಮೇಲೆ ತಮ್ಮ ತಮ್ಮ ಜಾಗದಲ್ಲಿ ಹೋಗಿ ಕೂತವು.

ಆಮೇಲಿನದು ಹೇಳಲು ನನಗೆ ಈಗಲೂ ಮುಜುಗರ. ಬೆಟ್ಟದ ಮೇಲೆ ಕೂತಾಗ ಮುನಿವೆಂಕಟಪ್ಪ ಚೀಲದಿಂದ ಶ್ರೀನಿವಾಸಪುರದ ಕಡೆಯ ಎಳೆ ಮಾವಿನಕಾಯಿ ತೆಗೆದ. ನನ್ನ ಅಮ್ಮ ಕಟ್ಟಿಕೊಟ್ಟಿದ್ದ ಉಪ್ಪು ಖಾರದ ಪೊಟ್ಟಣವನ್ನೂ ನಾನು ಹಟಕ್ಕೆಂದೇ ಅವನ ಕೈಗೆ ಕೊಟ್ಟೆ. ಅವನು, “ಚಾಕು ಕೊಡು” ಎಂದ.

ನಾನು ಕೊಡಲಿಲ್ಲ. “ಮಾವಿನಕಾಯಿಗೆ ಬೇಡ ಕಣೋ, ಸೊನೆ ತಾಗಿದ್ರೆ ಅಲಗು ಕಪ್ಪಾಗತ್ತೆ” ಎಂದೆ.

ಮುನಿವೆಂಕಟಪ್ಪ ನನ್ನ ಮುಖವನ್ನೇ ನೋಡಿದ. ಅವನಿಗೆ ಸಿಟ್ಟು ಬಂದರೆ ತೆಲುಗು ಬರುತ್ತದೆ. “ನೀ ಕತ್ತಿ ನುವ್ವೇ ಉಂಚುಕೋರಾ” ಎಂದ. ನಿನ್ನ ಚಾಕು ನೀನೇ ಇಟ್ಟುಕೋ ಎಂದವನು ಕಾಯಿಗಳನ್ನು ಬಂಡೆಯ ಮೇಲೇ ಬಿಟ್ಟು ಬೆಟ್ಟ ಇಳಿದು ಹೋದ. ನಾನು ಹೊಳೆಯುವ ಚಾಕುವನ್ನು ಗೋಣಿಯಲ್ಲಿ ಸುತ್ತಿಕೊಂಡು ಇಳಿದೆ.

ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ನಾನು ಒಬ್ಬನೇ ಬೆಟ್ಟ ಹತ್ತಿ ನೋಡಿದೆ. ಬೆಟ್ಟ ಅಷ್ಟೊಂದು ಎತ್ತರವಿದೆಯೆಂದು ಆವರೆಗೆ ಗೊತ್ತೇ ಇರಲಿಲ್ಲ. ಮನೆಯಲ್ಲಿ ವಾರಕ್ಕೊಮ್ಮೆ ಚಾಕುವಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೆ. ಅಮ್ಮ ಈಳಿಗೆಮಣೆಯ ಮುಂದೆ ಕೂತು ನೋಡುತ್ತಿದ್ದಳು. ಅವಳ ಈಳಿಗೆ ನನ್ನ ಚಾಕುವಿಗಿಂತ ಗಟ್ಟಿಯಾಗಿ ನೆಟ್ಟ ಅಲಗು. ಮೂವತ್ತು ವರ್ಷದ ಸೊನೆ, ಹುಳಿ, ಬಾಳೆಕಾಯಿಯ ಕರೆಯಿಂದ ಕಾಡಿಗೆಯಂತೆ ಕಪ್ಪಾಗಿತ್ತು. ಅದು ಹೆಚ್ಚಿದ್ದನ್ನು ತಿಂದೇ ನಾನು ಇಷ್ಟುದ್ದ ಬೆಳೆದಿದ್ದೆ.

“ಕೈಯಿಂದ ಕೈಗೆ ತಗೋಬೇಡ ಅಂತ ಹೇಳಿರ್ಲಿಲ್ವೇನೋ?” ಎಂದಳು.

“ಕೈಯಿಂದ ತಗೊಂಡಿದ್ದಕ್ಕಲ್ಲಮ್ಮ ಜಗಳ ಆಗಿದ್ದು. ಕೈಬಿಟ್ಟು ಕೊಡದೆ ಹೋಗಿದ್ದಕ್ಕೆ” ಎಂದೆ. ಬಾಯಿಂದ ಹೊರಬಿದ್ದ ಮೇಲೆ ನನಗೇ ಅದು ಸರಿಯಾಗಿ ಕೇಳಿಸಿತು. ಅಮ್ಮ ಹುರುಳಿಕಾಯಿ ಹೆಚ್ಚುವುದನ್ನು ಮುಂದುವರಿಸಿದಳು.

ಹೀಗೆ ಆರು ಭಾನುವಾರ ಕಳೆದವು. ಏಳನೆಯದಕ್ಕೆ ನಾನು ಚಾಕು ಸುತ್ತಿಕೊಂಡು ವಕ್ಕಲೇರಿಯ ಬಸ್ಸು ಹತ್ತಿದೆ. ಅವನು ಮಾತಾಡಿಸದಿದ್ದರೆ ಏನು ಮಾಡುವುದೆಂದು ದಾರಿಯುದ್ದಕ್ಕೂ ಹೆದರಿಕೆ. ಮುನಿವೆಂಕಟಪ್ಪ ತೋಟದಲ್ಲಿದ್ದ. ರೇಷ್ಮೆಹುಳುಗಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ರೇಷ್ಮೆ ಸಾಕುವವರು ಹುಳು ಪೊರೆ ಬಿಡುವುದನ್ನು ಹಾಗೆ ಕರೆಯುತ್ತಾರೆ. ಆ ಜ್ವರ ಬಿಟ್ಟ ಹುಳು ಎಷ್ಟು ಸೊಪ್ಪು ಹಾಕಿದರೂ ಸಾಲದು ಎನ್ನುತ್ತದೆ. ಗಂಡ ಹೆಂಡತಿ ಇಬ್ಬರೂ ಹಿಪ್ಪುನೇರಳೆಯ ಕಡ್ಡಿ ಕೊಯ್ಯಲು ಇಳಿದಿದ್ದರು. ಅವನ ಕುಡುಗೋಲಿನ ಹಿಡಿ ಸಡಿಲಾಗಿ, ಅವನು ಬಟ್ಟೆ ಸುತ್ತಿ ಕಲ್ಲಿನಲ್ಲಿ ಕುಟ್ಟುತ್ತ ಕೂತಿದ್ದ. ನನ್ನನ್ನು ನೋಡಿಯೂ ಕುಟ್ಟುವುದು ನಿಲ್ಲಿಸಲಿಲ್ಲ.

ನಾನು ಗೋಣಿ ಬಿಚ್ಚಿ ಚಾಕುವನ್ನು ಬದುವಿನ ಮೇಲೆ ಇಟ್ಟು ಎರಡು ಹೆಜ್ಜೆ ದೂರ ಹೋಗಿ ಕೂತೆ.

ಅವನು ನೋಡಿದ. ಕುಡುಗೋಲು ಪಕ್ಕಕ್ಕಿಟ್ಟು ಚಾಕು ಎತ್ತಿಕೊಂಡ. ಹಿಡಿ ನನ್ನ ಬೆರಳಿನ ಅಳತೆಯದು. ಅವನ ದಪ್ಪ ಕೈಗೆ ಒಪ್ಪದಿದ್ದರೂ ಹೇಗೋ ಹಿಡಿದು ಒಂದು ಸಾಲು ಕೊಯ್ದ. ಹಿಪ್ಪುನೇರಳೆಯ ಹಾಲು ಅಲಗಿನ ಮೇಲೆಲ್ಲ ಹರಿಯಿತು. ಹೊಳಪು ಮಂಕಾಗುತ್ತ ಬಂದದ್ದನ್ನು ನಾನು ನೋಡುತ್ತಲೇ ಇದ್ದೆ. ಹೊಟ್ಟೆ ಉರಿಯಬೇಕಿತ್ತು, ಯಾಕೋ ಹಗುರಾಯಿತು. ಎದ್ದು ಹೋಗಿ ಕೊಯ್ದ ಕಡ್ಡಿಗಳನ್ನು ಹೊರೆ ಕಟ್ಟತೊಡಗಿದೆ.

“ಗಂಟು ಹಾಕೋದು ಹಂಗಲ್ಲ ಕಣೋ, ಬಿಚ್ಚೋಗ್ತದೆ” ಎಂದ. ಏಳು ವಾರದ ಮೇಲೆ ಅವನಾಡಿದ ಮೊದಲ ಮಾತು ಅದು.

ಬಿಸಿಲೇರಿದಾಗ ಅವನು ಚಾಕುವನ್ನು ಪಂಚೆಗೆ ಒರಸಿ ಬದುವಿನ ಮೇಲಿಟ್ಟ. “ತಗೋ. ಈ ಸಾರಿ ಸರ್ಯಾಗ್ ತಗೋ” ಎಂದ.

“ಅಲ್ಲೇ ಇರ್ಲಿ. ಬರೋ ಭಾನುವಾರ ನೀನೇ ತಗೊಂಬಾ. ಮಾವಿನಕಾಯಿ ಈಗ ದೋರೆ ಆಗಿರ್ತವೆ” ಎಂದೆ.

ಮುಳಬಾಗಿಲಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಾಗ ನನ್ನ ಕೈ ಖಾಲಿಯಿತ್ತು. ಮುಂದಿನ ಭಾನುವಾರ ಅವನು ಬಂದೇ ಬರುತ್ತಾನೆ. ಚಾಕು ಅವನ ಹತ್ತಿರವಿದೆಯಲ್ಲ. ವೇಮಗಲ್‌ನ ಆಚಾರಿ ಕೇಳಿದ್ದ ಪ್ರಶ್ನೆಗೂ ಆಗಲೇ ಉತ್ತರ ಹೊಳೆಯಿತು. ಏನು ಕೊಯ್ಯೋಕೆ ಅಂದರೆ, ಮಾವಿನಕಾಯಿ ಕೊಯ್ಯೋಕೆ ಸ್ವಾಮಿ, ಇಬ್ಬರಿಗೆ.