ಎಕ್ಸ್‌ಟ್ರಾ ಇಂಗ್ರಿಡ್

ಹೋದ ಗುರುವಾರ ಸಂಜೆ ನಾನೊಂದು ಸಂಚು ಹೂಡಿದೆ. ಮಸಾಲೆ ದೋಸೆ ಹಾಕಿಕೊಟ್ಟು ಒಬ್ಬ ಜರ್ಮನ್ ಹೆಂಗಸನ್ನು ಬುಟ್ಟಿಗೆ ಹಾಕಿಕೊಳ್ಳುವ ಸಂಚು.

ಆಕೆಯ ಹೆಸರು ಇಂಗ್ರಿಡ್. ಬಸವೇಶ್ವರನಗರದ ನಮ್ಮ ಮನೆಯ ಮೇಲಿನ ಪೋರ್ಷನ್ನಿನಲ್ಲಿ ಬಾಡಿಗೆಗಿದ್ದಾರೆ. ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ಎಂಜಿನಿಯರ್. ನಲವತ್ತು ದಾಟಿದೆ, ಆದರೆ ಭುಜ ನೋಡಿದರೆ ನಂಬುವುದು ಕಷ್ಟ. ತುಂಬಿದ ಗ್ಯಾಸ್ ಸಿಲಿಂಡರನ್ನು ತಾವೇ ಹೊತ್ತು ಮೆಟ್ಟಿಲು ಹತ್ತಿದ ದಿನ ನಮ್ಮ ಬೀದಿಯೇ ನಿಂತು ನೋಡಿತ್ತು. (ಸಿಲಿಂಡರ್ ತಂದವನು ಟಿಪ್ಸ್ ಕೇಳುವುದನ್ನೂ ಮರೆತು ಹೋದ.) ಆಮೇಲೆ ಗೊತ್ತಾಯಿತು, ಈಕೆ ಜರ್ಮನಿಯ ರಾಷ್ಟ್ರೀಯ ತಂಡದಲ್ಲಿ ದೋಣಿಗೆ ಹುಟ್ಟು ಹಾಕಿದವರು. ನಾಲ್ಕು ಹೆಂಗಸರು ಸಾಲಾಗಿ ಕೂತು ಉಸಿರು ಬಿಗಿಹಿಡಿದು ಹುಟ್ಟು ಎಳೆಯುತ್ತಾರಲ್ಲ, ಆ ರೋಯಿಂಗ್.

ಸಂಚು ಯಾಕೆ ಅಂತೀರಾ? ನನ್ನ ಮಗಳು ಸಹನಾ ಸೆಕೆಂಡ್ ಪಿಯುಸಿ. ಜೊತೆಗೆ ಖೋ ಖೋ. ಭಾನುವಾರ ಅವಳ ಕ್ಲಬ್ಬಿನ ಮ್ಯಾಚು, ಅದೇ ಭಾನುವಾರ ಟ್ಯೂಷನ್ನಿನ ಟೆಸ್ಟು. ಮ್ಯಾಚೂ ಬೇಡ, ಪರೀಕ್ಷೆ ಮುಗಿಯುವ ತನಕ ಖೋ ಖೋನೂ ಬೇಡ ಎಂದು ನಾನು, ಅವರಪ್ಪ ಸೇರಿ ತೀರ್ಮಾನಿಸಿಯಾಗಿತ್ತು. ನಾವು ಹೇಳಿದ್ದಕ್ಕೆ ಅವಳ ಮುಖ ಊದಿಕೊಂಡಿತು. ಇಂಥ ಹೊತ್ತಿಗೆ ಅಂತಲೇ ನಮ್ಮಲ್ಲೊಂದು ಪದ್ಧತಿ ಇದೆಯಲ್ಲ, ಮೂರನೆಯವರನ್ನು ಕರೆದು ‘ನೀವಾದ್ರೂ ಸ್ವಲ್ಪ ಬುದ್ಧಿ ಹೇಳಿ’ ಅನ್ನುವುದು! ಸೋದರಮಾವ, ಮೇಷ್ಟ್ರು, ಎದುರುಮನೆ ಬ್ಯಾಂಕ್ ಅಂಕಲ್, ಯಾರಾದರೂ ನಡೆಯುತ್ತದೆ. ನಿಮ್ಮನ್ನೂ ಯಾರೋ ಕರೆದಿರುತ್ತಾರೆ. ನೀವೂ ಹೋಗಿ, ಬುದ್ಧಿ ಹೇಳಿ, ಕಾಫಿ ಕುಡಿದು ಬಂದಿರುತ್ತೀರಿ. ಒಪ್ಪಿಕೊಳ್ಳಿ.

ಇಂಗ್ರಿಡ್‌ಗೆ ಮೆಟ್ಟಿಲ ಮೇಲೆಯೇ ಬ್ರೀಫಿಂಗ್ ಕೊಟ್ಟೆ. ‘ಆಟ ಒಳ್ಳೇದು, ಆದರೆ ಓದು ಮುಖ್ಯ. ಇಷ್ಟು ಹೇಳಿದರೆ ಸಾಕು’ ಎಂದು ನನ್ನ ಇಂಗ್ಲಿಷಿನಲ್ಲಿ ಹೇಳಿದೆ. ಅವರು ತಲೆಯಾಡಿಸಿದರು. ಒಪ್ಪಿದರು ಎಂದುಕೊಂಡೆ.

ಮೊದಲ ದೋಸೆ ಮುಗಿಯುವಷ್ಟರಲ್ಲಿ ಸಹನಾ ಪ್ರಶ್ನೆ ಶುರು ಮಾಡಿದಳು. ಇಂಗ್ರಿಡ್ ಹೇಳುತ್ತಾ ಹೋದರು. ಊರಿನ ಹೊಳೆ, ಸ್ಕೂಲಿನ ಪಕ್ಕದ ದೋಣಿ ಕ್ಲಬ್ಬು. ಚಳಿಗಾಲದ ಬೆಳಗಿನಲ್ಲಿ ಹುಟ್ಟಿನ ಮೇಲೆ ಹೆಪ್ಪುಗಟ್ಟುತ್ತಿದ್ದ ನೀರು. ಬೆಳಿಗ್ಗೆ ಹೊಳೆ, ಹಗಲು ಎಂಜಿನಿಯರಿಂಗ್ ಕಾಲೇಜು, ಸಂಜೆ ಮತ್ತೆ ಹೊಳೆ. ಆಮೇಲೆ ರಾಷ್ಟ್ರೀಯ ತಂಡ. ಯುರೋಪಿನ ಮಟ್ಟದಲ್ಲಿ ಒಂದು ಬೆಳ್ಳಿ, ವಿಶ್ವ ಮಟ್ಟದಲ್ಲಿ ಒಂದು ಕಂಚು.

ಮಗಳ ಕಣ್ಣು ಅರಳುತ್ತಿತ್ತು. ನನ್ನ ಸಂಚು ಬಾಡುತ್ತಿತ್ತು.

‘ಒಲಿಂಪಿಕ್ಸ್‌ಗೆ ಹೋಗಿದ್ರಾ ಆಂಟಿ?’

‘ಹೋಗಿದ್ದೆ. ದೋಣಿ ಹತ್ತಲಿಲ್ಲ’ ಅಂದರು ಇಂಗ್ರಿಡ್. ಸೆಲೆಕ್ಷನ್ನಿನಲ್ಲಿ ಕೂದಲೆಳೆಯಷ್ಟು ಅಂತರದಲ್ಲಿ ಅವರ ಸೀಟು ಇನ್ನೊಬ್ಬಳ ಪಾಲಾಗಿತ್ತು. ಎಕ್ಸ್‌ಟ್ರಾ ಆಗಿ ಹೋದರು. ದೋಣಿಯಲ್ಲಿದ್ದ ನಾಲ್ಕು ಜನರಲ್ಲಿ ಒಬ್ಬರಿಗೂ ಒಂದು ನೆಗಡಿ ಕೂಡ ಬರಲಿಲ್ಲ. ಅವರು ಪದಕ ಗೆದ್ದರು, ಇವರು ದಡದಲ್ಲಿ ನಿಂತು ಕೂಗಿದರು. ಮುಂದಿನ ವರ್ಷ ಬೆನ್ನು ಕೈಕೊಟ್ಟಿತು. ಅಲ್ಲಿಗೆ ಮುಗಿಯಿತು.

ನಾನು ಬಿಡುತ್ತೇನೆಯೇ? ‘ನೋಡಿದ್ಯಾ?’ ಅಂದೆ ಕನ್ನಡದಲ್ಲಿ. ‘ಅಷ್ಟು ವರ್ಷ ಒದ್ದಾಡಿ ಕೊನೆಗೆ ದಡದಲ್ಲಿ ನಿಂತ್ಕೊಂಡ್ರು. ಇವತ್ತು ಕೈಹಿಡಿದಿರೋದು ಎಂಜಿನಿಯರಿಂಗೇ ತಾನೆ?’

ಸಹನಾ ತಟ್ಟೆ ನೋಡುತ್ತಾ ಹೇಳಿದಳು. ‘ಅಮ್ಮ, ನಾನೂ ಎಕ್ಸ್‌ಟ್ರಾನೇ ಕಣಮ್ಮ. ಈ ವರ್ಷ ಒಂದು ಮ್ಯಾಚೂ ಆಡಿಲ್ಲ.’

ದಿನಾ ಸಂಜೆ ಮಂಡಿ ತುಂಬ ಮಣ್ಣು ಮಾಡಿಕೊಂಡು ಬರುವ ಹುಡುಗಿ!

‘ಮತ್ತೆ ಹೇಳ್ಲೇ ಇಲ್ವಲ್ಲೇ?’

‘ಹೇಳಿದ್ರೆ ಈಗ ಅವರಿಗೆ ಅಂದ್ಯಲ್ಲ, ಅದನ್ನೇ ನನಗೂ ಅಂತಿದ್ದೆ.’

ನಿಜವಾಗಿಯೂ ಅದನ್ನೇ ಅನ್ನುತ್ತಿದ್ದೆ.

ಏನಾಯಿತು ಎಂದು ಇಂಗ್ರಿಡ್ ಕೇಳಿದರು. ಮಗಳೇ ಭಾನುವಾರದ ಟೆಸ್ಟಿನ ಸಮೇತ ಎಲ್ಲವನ್ನೂ ಇಂಗ್ಲಿಷಿನಲ್ಲಿ ವಿವರಿಸಿದಳು. ಅವರು ಕೈಲಿದ್ದ ದೋಸೆ ಕೆಳಗಿಟ್ಟು ನನ್ನ ಕಡೆ ತಿರುಗಿದರು. ‘ಅದು ನಾನು ಸೋತ ವರ್ಷ ಅಂದ್ಕೊಂಡ್ರಾ? ನನ್ನ ಜೀವನದಲ್ಲೇ ನಾನು ಅತ್ಯಂತ ಗಟ್ಟಿಯಾಗಿದ್ದ ವರ್ಷ ಅದು. ಹಿಂದೆ ಒಬ್ಬಳು ರೆಡಿ ಇದ್ದಾಳೆ ಅಂತ ಗೊತ್ತಿದ್ರೆ ದೋಣಿಯಲ್ಲಿರೋರು ಬಲ ಉಳಿಸಿಕೊಂಡು ಎಳೆಯಲ್ಲ, ಪೂರ್ತಿ ಎಳೀತಾರೆ. ನಾನಿಲ್ಲದಿದ್ರೆ ಪ್ರಾಕ್ಟೀಸಿನಲ್ಲೇ ಅವರು ಎಲ್ಲಿ ಪೆಟ್ಟಾಗುತ್ತೋ ಅಂತ ಹೆದರಿಕೊಂಡು ಎಳೀತಿದ್ರು.’

ನಂತರ, ಮೆಟ್ಟಿಲ ಮೇಲೆ ನನಗೆ ಕೊಟ್ಟ ಮಾತು ಇಂಗ್ರಿಡ್‌ಗೆ ನೆನಪಾಯಿತೇನೋ. ಸಹನಾಳನ್ನು ನೋಡಿ ಗಂಭೀರವಾಗಿ ಅಂದರು, ‘ಓದು ಮುಖ್ಯ.’ ಕ್ಷಣ ಬಿಟ್ಟು ಕೇಳಿದರು, ‘ಆ ಟೆಸ್ಟನ್ನು ಸೋಮವಾರ ಬರೆಯೋಕಾಗಲ್ವಾ?’

ಆಗುತ್ತದೆಯೇ ಎಂದು ನಾವು ಯಾರೂ ಕೇಳಿಯೇ ಇರಲಿಲ್ಲ. ಮರುದಿನ ಕೇಳಿದಾಗ ಟ್ಯೂಷನ್ ಸರ್ ಗೊಣಗುತ್ತಲೇ ಒಪ್ಪಿದರು.

ನಮ್ಮೂರಿನಲ್ಲಿ ಫ್ಲೆಕ್ಸಿಗೇನು ಬರವೇ? ಟ್ಯೂಷನ್ ಸೆಂಟರಿನ ಗೋಡೆಯ ಮೇಲೆ ಟಾಪರ್‌ಗಳ ಮುಖ, ಸರ್ಕಲ್ಲಿನಲ್ಲಿ ಗೆದ್ದವರ ಮುಖ. ಆದರೆ ನಮ್ಮ ದಿನ ಸುಸೂತ್ರವಾಗಿ ನಡೆಯುವುದು ಯಾರಿಂದ? ರಜೆ ಹಾಕಿದವರ ಪಾಳಿಗೆ ಬರುವ ನರ್ಸು, ಮದುವೆಮನೆಯಲ್ಲಿ ಎರಡನೇ ಪಂಕ್ತಿಗೆ ಸಾರು ಸಾಲದಿದ್ದರೆ ಎಂದು ಇನ್ನೊಂದು ಒಲೆ ಹಚ್ಚಿಟ್ಟು ಕಾಯುವ ಚಿಕ್ಕಮ್ಮ. ಇವರ ಫೋಟೊ ಎಲ್ಲಾದರೂ ನೋಡಿದ್ದೀರಾ?

ಭಾನುವಾರ ವಿಜಯನಗರದ ಮೈದಾನಕ್ಕೆ ನಾನೂ ಇಂಗ್ರಿಡ್ಡೂ ಹೋದೆವು. (ಸ್ಕೂಟರ್ ಅವರೇ ಓಡಿಸಿದರು. ಸಿಗ್ನಲ್ಲಿನಲ್ಲಿ ಹಳದಿ ದೀಪಕ್ಕೇ ನಿಲ್ಲಿಸುತ್ತಾರೆ. ಹಿಂದಿನವರೆಲ್ಲ ನನ್ನನ್ನೇ ಬೈದರು.) ಮ್ಯಾಚು ಶುರುವಾಯಿತು, ಬಿರುಸಾಯಿತು. ಸಹನಾಳನ್ನು ಕರೆಯಲಿಲ್ಲ. ಅವಳು ಗೆರೆಯಾಚೆ ಒಂದೇ ಸಮನೆ ಓಡಿ ಮೈ ಬಿಸಿ ಇಟ್ಟುಕೊಂಡು, ಬಂದು ಕೂತು, ಮತ್ತೆ ಎದ್ದು ಓಡುತ್ತಿದ್ದಳು. ಇಂಗ್ರಿಡ್ ಆಟ ನೋಡಲೇ ಇಲ್ಲ, ಅವಳನ್ನೇ ನೋಡುತ್ತಿದ್ದರು.

ಪಕ್ಕದಲ್ಲಿ ಕೂತಿದ್ದ ತಾಯಿಯೊಬ್ಬರು ನನ್ನ ಕಡೆ ಬಾಗಿದರು. ‘ನಿಮ್ಮ ಮಗಳು ಯಾರು ಮೇಡಂ? ಅಲ್ಲಿ ಒಳಗಡೆ ಕಂಬದ ಹತ್ತಿರ ಓಡ್ತಾ ಇದಾಳಲ್ಲ, ಅವಳಾ?’

‘ಅವಳಲ್ಲ’ ಅಂದೆ, ಸುತ್ತಲಿನವರಿಗೂ ಕೇಳಿಸುವ ಹಾಗೆ. ‘ಹೊರಗಡೆ ರೆಡಿಯಾಗಿ ಕೂತಿದಾಳಲ್ಲ, ಅವಳು.’